ನಷ್ಟ ನಿನ್ನದು, ಐಡಿಯಾ ನಮ್ಮದು

ಬೆಂಗಳೂರಿನ ಕೊಡಿಗೇಹಳ್ಳಿ ಗೇಟಿನಿಂದ ಸಹಕಾರ ನಗರಕ್ಕೆ, ಅಲ್ಲಿಂದ ತಿಂಡ್ಲು, ವಿದ್ಯಾರಣ್ಯಪುರದ ಕಡೆಗೆ ಬೋರ್ಡುಗಳನ್ನು ಓದಿಕೊಂಡು ಹೋಗಿ. ಟೀ ಅಂಗಡಿ, ಐಸ್‌ಕ್ರೀಮ್ ಪಾರ್ಲರು, ಬಿರಿಯಾನಿ ಹೋಟೆಲು, ಸಲೂನು, ಪ್ಲೇ ಸ್ಕೂಲು, ರಕ್ತಪರೀಕ್ಷೆಯ ಕಲೆಕ್ಷನ್ ಸೆಂಟರು, ಕೊರಿಯರ್ ಆಫೀಸು. ಹೆಸರುಗಳು ಎಲ್ಲೆಲ್ಲಿಯವೋ, ಗಲ್ಲಾದ ಹಿಂದೆ ಕೂತವರು ಇಲ್ಲಿಯವರು. ವಿಆರ್‌ಎಸ್ ತೆಗೆದುಕೊಂಡ ಬ್ಯಾಂಕ್ ನೌಕರ, ಐಟಿ ಕೆಲಸ ಬಿಟ್ಟ ತಾಯಿ, ಹೊಲ ಲೇಔಟ್ ಆದ ಮೇಲೆ ಕೈಗೆ ಬಂದ ದುಡ್ಡನ್ನು ವ್ಯಾಪಾರಕ್ಕೆ ಹಾಕಿದ ಊರಿನ ಹುಡುಗ. ಅಂಗಡಿಯ ಅಡ್ವಾನ್ಸು, ಬಾಡಿಗೆ, ಇಂಟೀರಿಯರ್ಸು, ಕರೆಂಟ್ ಬಿಲ್ಲು, ಹುಡುಗರ ಸಂಬಳ ಎಲ್ಲ ಇವರ ಜೇಬಿನದು. ಅದರ ಮೇಲೆ ಫ್ರಾಂಚೈಸಿ ಫೀ. ಅದರ ಮೇಲೆ ತಿಂಗಳು ತಿಂಗಳೂ ರಾಯಲ್ಟಿ. ಅದೂ ಸಾಮಾನ್ಯವಾಗಿ ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಅಂಗಡಿ ನಷ್ಟದಲ್ಲಿದ್ದರೂ ಕಂಪನಿಯ ಪಾಲು ತಪ್ಪುವುದಿಲ್ಲ.

ಈ ಸಂಬಂಧವನ್ನು ಕಟ್ಟಿಹಾಕುವ ಅಗ್ರಿಮೆಂಟು ದಪ್ಪನೆಯದು. ಅದರ ನಡುವೆ ಎಲ್ಲೋ, ಟ್ರೇಡ್‌ಮಾರ್ಕು, ಗೋಪ್ಯತೆಗಳ ಪುಟಗಳ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ. ಅದರ ತಾತ್ಪರ್ಯ ಇಷ್ಟು: ಫ್ರಾಂಚೈಸಿ ಪಡೆದವರು ಈ ವ್ಯವಹಾರಕ್ಕೆ ಸಂಬಂಧಪಟ್ಟಂತೆ ಕಂಡುಕೊಂಡ ಯಾವುದೇ ಸುಧಾರಣೆ, ಹೊಸ ವಿಧಾನ, ಪಾಕ, ವಿನ್ಯಾಸ, ಜಾಹೀರಾತಿನ ಕಲ್ಪನೆಯನ್ನು ಕೂಡಲೇ ಕಂಪನಿಗೆ ತಿಳಿಸತಕ್ಕದ್ದು, ಅದು ಹುಟ್ಟಿದ ಗಳಿಗೆಯಿಂದಲೇ ಕಂಪನಿಯ ಸ್ವತ್ತು, ಅದಕ್ಕೆ ಪ್ರತಿಫಲ ಕೇಳತಕ್ಕದ್ದಲ್ಲ. ಓದಿ ಹುಬ್ಬೇರಿಸಿದವರಿಗೆ ಸಿಗುವ ಉತ್ತರವೂ ಸಿದ್ಧವಾಗಿರುತ್ತದೆ: "ಅದು ಸ್ಟ್ಯಾಂಡರ್ಡ್ ಸಾರ್, ಎಲ್ಲರ ಅಗ್ರಿಮೆಂಟಲ್ಲೂ ಇರುತ್ತೆ."

ಎಲ್ಲರ ಅಗ್ರಿಮೆಂಟಿನಲ್ಲೂ ಇದೆ ಎನ್ನುವುದೇ ನ್ಯಾಯಕ್ಕೆ ಸಾಕ್ಷಿ ಎಂಬಂತೆ ವಕೀಲರು, ಮ್ಯಾನೇಜ್‌ಮೆಂಟ್ ಮೇಷ್ಟ್ರುಗಳು, ಕೊನೆಗೆ ಸಹಿ ಹಾಕಿದ ಅಂಗಡಿಯವರೂ ಇದನ್ನು ಒಪ್ಪಿಕೊಂಡುಬಿಟ್ಟಿದ್ದಾರೆ. ಹೆಸರು ಅವರದು, ಆದ್ದರಿಂದ ಹೆಸರಿನ ಅಡಿಯಲ್ಲಿ ಹುಟ್ಟಿದ್ದೆಲ್ಲ ಅವರದು ಎಂಬುದು ಈಗಿನ ಸರ್ವಸಮ್ಮತ ಮಾತು. ಈ ಮಾತು ತಪ್ಪು. ಕಂಪನಿಗೆ ಆ ಸುಧಾರಣೆಯನ್ನು ಬಳಸುವ ಹಕ್ಕು ಇರಲಿ, ಅದಕ್ಕೆ ಯಾರ ತಕರಾರೂ ಬೇಡ. ಒಡೆತನ ಮಾತ್ರ ಅದನ್ನು ಕಂಡುಕೊಂಡವರದೇ ಆಗಿರಬೇಕು. ನಷ್ಟವನ್ನು ಹೊರುವವರಿಗೆ ಬುದ್ಧಿಯ ಫಲ ಇಲ್ಲ ಎನ್ನುವ ಕರಾರಿಗೆ ವ್ಯಾಪಾರದ ನೀತಿಯೂ ಇಲ್ಲ, ಕಾನೂನಿನ ತರ್ಕವೂ ಇಲ್ಲ.

ಒಂದು ಪ್ಲೇ ಸ್ಕೂಲನ್ನು ಊಹಿಸಿಕೊಳ್ಳಿ. ಕೊಡಿಗೇಹಳ್ಳಿಯಂಥ ಕಡೆ ಅಲ್ಲಿಗೆ ಬರುವ ಮಕ್ಕಳ ಮನೆಮಾತು ತೆಲುಗು, ಹಿಂದಿ, ಮಲಯಾಳ, ಬಂಗಾಳಿ, ಕನ್ನಡ. ಮೊದಲ ವಾರಗಳಲ್ಲಿ ಅಳು ನಿಲ್ಲುವುದಿಲ್ಲ. ಕಂಪನಿ ಕಳಿಸಿದ ಕಿಟ್ಟಿನಲ್ಲಿ ಸೇಬು, ಇಗ್ಲೂ, ಹಿಮಕರಡಿ. ನಡೆಸುವ ಮೇಡಂ ತಾವೇ ಕೂತು ಸೊಪ್ಪಿನ ಗಾಡಿ, ಬಿಎಂಟಿಸಿ ಬಸ್ಸು, ರೈಲ್ವೆ ಗೇಟು, ರಾಗಿ ಹೊಲ ಇರುವ ಚಿತ್ರದ ಕಾರ್ಡುಗಳನ್ನು ಬರೆಸುತ್ತಾರೆ. ಶನಿವಾರ ಅಜ್ಜ ಅಜ್ಜಿಯರನ್ನು ಕರೆಸಿ ಅವರವರ ಭಾಷೆಯಲ್ಲೇ ಕಥೆ ಹೇಳಿಸುತ್ತಾರೆ. ಅಡ್ಮಿಷನ್ ಏರುತ್ತದೆ. ಏರಿಯಾ ಮ್ಯಾನೇಜರ್ ಬಂದು ಫೋಟೋ ತೆಗೆದುಕೊಂಡು ಹೋಗುತ್ತಾನೆ. ಮುಂದಿನ ವರ್ಷ ಅದೇ ಕಾರ್ಡುಗಳು ಕಂಪನಿಯ ಹೊಸ ಕಿಟ್ಟಿನಲ್ಲಿ ಎಲ್ಲ ಶಾಖೆಗಳಿಗೂ ಬರುತ್ತವೆ, ಕೊಡಿಗೇಹಳ್ಳಿಯ ಶಾಖೆಗೂ ಬಿಲ್ ಸಮೇತ. ತಾವೇ ಮಾಡಿದ್ದನ್ನು ತಾವೇ ದುಡ್ಡು ಕೊಟ್ಟು ಕೊಳ್ಳುವ ಆ ಮೇಡಂಗೆ ಈ ಷರತ್ತಿನ ಪ್ರಕಾರ ತಕರಾರು ಎತ್ತುವ ಜಾಗವೇ ಇಲ್ಲ. ಇದು ಕಲ್ಪಿತ ಉದಾಹರಣೆ. ಆದರೆ ಷರತ್ತನ್ನು ಅಕ್ಷರಶಃ ಪಾಲಿಸಿದರೆ ಫಲಿತಾಂಶ ಇದೇ.

ಈ ಷರತ್ತಿನ ಮೊದಲ ದೋಷ ಅದೇ ಅಗ್ರಿಮೆಂಟಿನ ಇನ್ನೊಂದು ಪುಟದಲ್ಲಿ ಬಯಲಾಗುತ್ತದೆ. ಅಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತದೆ: ಫ್ರಾಂಚೈಸಿ ಪಡೆದವರು ಕಂಪನಿಯ ನೌಕರರಲ್ಲ, ಏಜೆಂಟರಲ್ಲ, ಪಾಲುದಾರರಲ್ಲ, ಸ್ವತಂತ್ರ ವ್ಯಾಪಾರಿಗಳು. ಹುಡುಗರ ಪಿಎಫ್, ಇಎಸ್‌ಐ ಅವರ ತಲೆನೋವು. ಗ್ರಾಹಕ ಕೇಸು ಹಾಕಿದರೆ ಅವರೇ ಕೋರ್ಟಿಗೆ ಹೋಗಬೇಕು. ಅಂಗಡಿ ಮುಚ್ಚಿದರೆ ಸಾಲ ಅವರದೇ. ಸರಿ, ಸ್ವತಂತ್ರ ವ್ಯಾಪಾರಿ. ಹಾಗಾದರೆ ಸ್ವತಂತ್ರ ವ್ಯಾಪಾರಿಯ ಆಲೋಚನೆ ಯಾರದು? ನಮ್ಮ 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ನಿನ ಮೂಲನಿಯಮ, ಕೃತಿಯ ಮೊದಲ ಒಡೆಯ ಅದನ್ನು ರಚಿಸಿದವನು. ನೌಕರಿಯ ಕರಾರಿನಲ್ಲಿ, ಸಂಬಳ ತೆಗೆದುಕೊಂಡು, ಆ ಕೆಲಸದ ಭಾಗವಾಗಿಯೇ ರಚಿಸಿದ್ದಾದರೆ ಮಾತ್ರ ಅದು ಮಾಲೀಕನದು. ಸಂಬಳ ಕೊಟ್ಟಿದ್ದಾನೆ, ಅಪಾಯ ತಾನು ಹೊತ್ತಿದ್ದಾನೆ, ಫಲ ಅವನಿಗೆ ಹೋಗಲಿ ಎಂಬುದು ಅದರ ಹಿಂದಿನ ನ್ಯಾಯ. ಫ್ರಾಂಚೈಸಿ ಷರತ್ತು ಈ ನ್ಯಾಯವನ್ನು ತಲೆಕೆಳಗು ಮಾಡುತ್ತದೆ. ಹೊಣೆ ಬಂದಾಗ ನೀನು ಸ್ವತಂತ್ರ, ಐಡಿಯಾ ಬಂದಾಗ ನೀನು ನೌಕರ. ಅದೂ ಸಂಬಳವಿಲ್ಲದ ನೌಕರ. ಉಲ್ಟಾ ರಾಯಲ್ಟಿ ಕಟ್ಟುವ ನೌಕರ.

ಇನ್ನೂ ವಿಚಿತ್ರವಾದದ್ದು ಕರಾರು ಮುಗಿದ ಮೇಲೆ ನಡೆಯುತ್ತದೆ. ಬರೀ ಆಲೋಚನೆಗೆ ಕಾಪಿರೈಟ್ ಇಲ್ಲ ಎಂದು ಸುಪ್ರೀಂ ಕೋರ್ಟು 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲೇ ಹೇಳಿದೆ. ಅಂದರೆ ಶನಿವಾರದ ಅಜ್ಜಿ ಕಥೆಯ ಕಲ್ಪನೆಯನ್ನು ಎದುರು ರಸ್ತೆಯ ಇನ್ನೊಂದು ಶಾಲೆ ನಾಳೆಯೇ ಎತ್ತಿಕೊಳ್ಳಬಹುದು. ವಿದ್ಯಾರಣ್ಯಪುರದವರು ಎತ್ತಿಕೊಳ್ಳಬಹುದು, ಹಾಸನದವರು ಎತ್ತಿಕೊಳ್ಳಬಹುದು. ಯಾರ ಅಪ್ಪಣೆಯೂ ಬೇಡ. ಇಡೀ ಜಗತ್ತಿನಲ್ಲಿ ಒಬ್ಬರು ಮಾತ್ರ ಅದನ್ನು ಮಾಡಕೂಡದು: ಮೊದಲು ಯೋಚಿಸಿದ ಆ ಮೇಡಂ. ಕಂಪನಿಯ ಜೊತೆ ಕರಾರು ಮುಗಿದು, ಬೋರ್ಡು ಇಳಿಸಿ, ತಮ್ಮದೇ ಹೆಸರಿನಲ್ಲಿ ಶಾಲೆ ತೆರೆದರೆ ಅವರ ಕೈಗೆ ನೋಟಿಸು ಬರುತ್ತದೆ. ಕಾನೂನು ಯಾರದೂ ಅಲ್ಲವೆಂದು ಬಿಟ್ಟದ್ದನ್ನು, ಸೃಷ್ಟಿಸಿದವರೊಬ್ಬರಿಗೇ ನಿಷಿದ್ಧ ಮಾಡುವ ಕರಾರಿಗೆ ಬೌದ್ಧಿಕ ಆಸ್ತಿಯ ರಕ್ಷಣೆ ಎಂಬ ಹೆಸರು ಸಲ್ಲದು.

ಇನ್ನು ಎದುರು ಪಕ್ಷದ ವಾದಗಳು. ಅವುಗಳಲ್ಲಿ ಮೊದಲನೆಯದು ಜನಪ್ರಿಯ: ಬ್ರ್ಯಾಂಡ್ ಇಲ್ಲದಿದ್ದರೆ ಆ ಐಡಿಯಾ ಹುಟ್ಟುತ್ತಲೇ ಇರಲಿಲ್ಲ. ಹೆಸರು, ತರಬೇತಿ, ಗಿರಾಕಿ ಎಲ್ಲ ಕಂಪನಿ ಕೊಟ್ಟದ್ದು. ಅದರ ಬೆಳಕಿನಲ್ಲಿ ಹೊಳೆದದ್ದೂ ಕಂಪನಿಯದೇ. ಇದಕ್ಕೆ ಇತಿಹಾಸವೇ ಉತ್ತರ ಕೊಟ್ಟಿದೆ. ಫ್ರಾಂಚೈಸಿ ಜಗತ್ತಿನ ದೊಡ್ಡಣ್ಣ ಮೆಕ್‌ಡೊನಾಲ್ಡ್ಸ್‌ನ ಮೀನಿನ ಬರ್ಗರ್ 1962ರಲ್ಲಿ ಸಿನ್ಸಿನಾಟಿಯ ಲೂ ಗ್ರೋನ್ ಎಂಬ ಫ್ರಾಂಚೈಸಿ ಮಾಲೀಕರದು. ಶುಕ್ರವಾರ ಮಾಂಸ ಮುಟ್ಟದ ಕ್ಯಾಥೊಲಿಕ್ ನೆರೆಹೊರೆ, ಖಾಲಿ ಹೊಡೆಯುವ ಅಂಗಡಿ. ಅದಕ್ಕೆ ಅವರು ಕಂಡುಕೊಂಡ ದಾರಿ ಅದು. ಕಂಪನಿಯ ಯಜಮಾನ ರೇ ಕ್ರಾಕ್ ಅದೇ ಸಮಸ್ಯೆಗೆ ಬನ್ನಿನ ನಡುವೆ ಅನಾನಸಿನ ಬಿಲ್ಲೆ ಇಡುವ ತಮ್ಮದೇ ಐಡಿಯಾ ಮುಂದಿಟ್ಟಿದ್ದರು. ಗಿರಾಕಿಗಳು ಗ್ರೋನ್ ಅವರ ಮೀನನ್ನೇ ಆರಿಸಿದರು. ಬಿಗ್ ಮ್ಯಾಕ್ 1967ರಲ್ಲಿ ಪೆನ್ಸಿಲ್ವೇನಿಯಾದ ಯೂನಿಯನ್‌ಟೌನಿನಲ್ಲಿ ಜಿಮ್ ಡೆಲಿಗ್ಯಾಟಿ ಎಂಬ ಇನ್ನೊಬ್ಬ ಫ್ರಾಂಚೈಸಿ ಮಾಲೀಕರು ಮಾಡಿದ್ದು; ಮರುವರ್ಷ ದೇಶವೆಲ್ಲ ಹರಡಿತು. ಎಗ್ ಮ್ಯಾಕ್‌ಮಫಿನ್ ಸಾಂತಾ ಬಾರ್ಬರಾದ ಹರ್ಬ್ ಪೀಟರ್ಸನ್ ಅವರದು. ಕೆಎಫ್‌ಸಿಯ ಕಥೆ ಇದಕ್ಕಿಂತ ಮುಂದೆ ಹೋಗುತ್ತದೆ: 'ಕೆಂಟಕಿ ಫ್ರೈಡ್ ಚಿಕನ್' ಎಂಬ ಹೆಸರು ಮೊದಲು ಬಂದದ್ದೇ 1952ರಲ್ಲಿ ಸಾಲ್ಟ್ ಲೇಕ್ ಸಿಟಿಯ ಪೀಟ್ ಹಾರ್ಮನ್ ಎಂಬ ಮೊದಲ ಫ್ರಾಂಚೈಸಿ ಮಾಲೀಕರ ಹೋಟೆಲಿನ ಮೇಲೆ, ಅದನ್ನು ಸೂಚಿಸಿದವರು ಅಲ್ಲಿ ಬೋರ್ಡು ಬರೆದ ಪೇಂಟರು. ಬ್ರ್ಯಾಂಡು ಐಡಿಯಾ ಕೊಡುತ್ತದೆ ಎನ್ನುವವರು ಬ್ರ್ಯಾಂಡಿಗೇ ಹೆಸರು ಕೊಟ್ಟವರು ಯಾರು ಎಂದು ನೋಡಲಿ.

ಇದೇ ಉದಾಹರಣೆಗಳನ್ನು ತಿರುಗಿಸಿ ಹೊಡೆಯುವವರೂ ಇದ್ದಾರೆ. ಡೆಲಿಗ್ಯಾಟಿಗೆ ಬಿಗ್ ಮ್ಯಾಕ್‌ನಿಂದ ರಾಯಲ್ಟಿ ಬರಲಿಲ್ಲ, ಆದರೂ ಅವರು ಮಾಡಿದರಲ್ಲ. ಪ್ರತಿಫಲ ಇಲ್ಲದಿದ್ದರೂ ಹೊಸದು ಹುಟ್ಟುತ್ತದೆ ಎನ್ನುತ್ತಾರೆ. ಡೆಲಿಗ್ಯಾಟಿ ಹಲವಾರು ಮಳಿಗೆಗಳ ಒಡೆಯರಾಗಿದ್ದರು. ತಮ್ಮ ಮಳಿಗೆಗಳಲ್ಲಿ ದಶಕಗಳ ಕಾಲ ಆ ಬರ್ಗರನ್ನು ಮಾರಿ ಸಂಪಾದಿಸುವ ಅವಕಾಶ ಅವರಿಗಿತ್ತು. ಕೊಡಿಗೇಹಳ್ಳಿಯಲ್ಲಿ ಒಂದೇ ಅಂಗಡಿ ಇಟ್ಟುಕೊಂಡು, ಕಟ್ಟಡದ ಮಾಲೀಕ ಬಾಡಿಗೆ ಏರಿಸುತ್ತಾನೋ, ಕಂಪನಿ ಕರಾರು ಮುಂದುವರಿಸುತ್ತದೋ ಎಂದು ದಿನ ಎಣಿಸುವವರಿಗೆ ಆ ಕಾಲಾವಕಾಶ ಇಲ್ಲ. ಇಂಥವರು ಹೊಸದನ್ನು ಕಂಡುಕೊಂಡರೆ ಏನು ಮಾಡುತ್ತಾರೆ? ಜಾಣರಾದವರು ಬಚ್ಚಿಡುತ್ತಾರೆ. ಏರಿಯಾ ಮ್ಯಾನೇಜರ್ ಬರುವ ದಿನ ಆ ಕಾರ್ಡುಗಳು ಬೀರುವಿಗೆ ಸೇರುತ್ತವೆ, ಆ ತಿಂಡಿ ಮೆನುವಿನಿಂದ ಕಾಣೆಯಾಗುತ್ತದೆ. ಎಲ್ಲವನ್ನೂ ಕಸಿಯುವ ಷರತ್ತಿನಿಂದ ಕಂಪನಿಯ ಕೈಗೂ ಏನೂ ಸಿಗುವುದಿಲ್ಲ.

ಎರಡನೆಯ ವಾದಕ್ಕೆ ತೂಕವಿದೆ. ನೂರಾರು ಶಾಖೆಗಳು, ಒಬ್ಬೊಬ್ಬರೂ ಒಂದೊಂದು ಸುಧಾರಣೆಯ ಒಡೆಯರಾದರೆ ಯಾವುದನ್ನು ಬಳಸಬೇಕಾದರೂ ಕಂಪನಿ ಹತ್ತು ಜನರ ಕಾಲು ಹಿಡಿಯಬೇಕು, ಒಬ್ಬರು ಮುನಿಸಿಕೊಂಡರೆ ಇಡೀ ಸರಪಳಿ ನಿಲ್ಲುತ್ತದೆ. ಎಲ್ಲ ಕಡೆ ಒಂದೇ ರುಚಿ, ಒಂದೇ ಗುಣಮಟ್ಟ ಬೇಕಾದರೆ ಎಲ್ಲವೂ ಒಂದೇ ಕೈಯಲ್ಲಿರಬೇಕು. ಭಯ ನಿಜ, ಮದ್ದು ತಪ್ಪು. ನಿಲ್ಲಬಾರದು ಎಂದರೆ ಬಳಕೆಯ ಹಕ್ಕು ಬೇಕು, ಒಡೆತನ ಬೇಕಿಲ್ಲ. ಫ್ರಾಂಚೈಸಿಗಳ ಬಗ್ಗೆ ಐರೋಪ್ಯ ಒಕ್ಕೂಟ ದಶಕಗಳಿಂದ ಒಪ್ಪುತ್ತ ಬಂದಿರುವ ಏರ್ಪಾಡು ಇದೇ: ವ್ಯಾಪಾರದಲ್ಲಿ ಪಡೆದ ಅನುಭವವನ್ನು ಅಂಗಡಿಯವರು ಕಂಪನಿಗೆ ತಿಳಿಸಲಿ, ಅದನ್ನು ಬಳಸಲು ಕಂಪನಿಗೂ ಇತರ ಶಾಖೆಗಳಿಗೂ ಲೈಸೆನ್ಸ್ ಕೊಡಲಿ; ಆದರೆ ಆ ಲೈಸೆನ್ಸ್ ಕಂಪನಿಯ ಏಕಸ್ವಾಮ್ಯ ಆಗಬೇಕಿಲ್ಲ. ಅಂಗಡಿಯವರ ಕೈಯಲ್ಲೂ ಉಳಿಯುತ್ತದೆ, ಸರಪಳಿಯೂ ನಿಲ್ಲುವುದಿಲ್ಲ. ಗುಣಮಟ್ಟ ಕಾಯಲು ಕಂಪನಿಯ ಕೈಯಲ್ಲಿ ಟ್ರೇಡ್‌ಮಾರ್ಕ್ ಇದ್ದೇ ಇದೆ. ನಮ್ಮ ಹೆಸರಿನಡಿ ಇದನ್ನು ಮಾರಬೇಡಿ ಎಂದು ಹೇಳಲು ಅದೊಂದೇ ಸಾಕು.

ನಮ್ಮ ಪೇಟೆಂಟ್ ಕಾನೂನೂ ಇದೇ ದಿಕ್ಕಿಗೆ ಮುಖ ಮಾಡಿದೆ. ಪಡೆದ ತಂತ್ರಜ್ಞಾನವನ್ನು ಸುಧಾರಿಸಿದರೆ ಆ ಸುಧಾರಣೆ ಸಂಪೂರ್ಣವಾಗಿ ಮೂಲ ಒಡೆಯನಿಗೇ ಮರಳಬೇಕೆನ್ನುವ ಷರತ್ತನ್ನು ಪೇಟೆಂಟ್ ಲೈಸೆನ್ಸುಗಳಲ್ಲಿ ಹಾಕುವುದು 1970ರ ಪೇಟೆಂಟ್ ಕಾಯ್ದೆಯ 140ನೇ ಸೆಕ್ಷನ್ ಪ್ರಕಾರ ಕಾನೂನುಬಾಹಿರ; 2002ರ ತಿದ್ದುಪಡಿ ಅದನ್ನು ಸ್ಪಷ್ಟವಾಗಿ ಸೇರಿಸಿತು. ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದದ 40ನೇ ವಿಧಿ ಕೂಡ ಇದನ್ನು ಸ್ಪರ್ಧೆಗೆ ಮಾರಕವಾಗಬಲ್ಲ ಷರತ್ತುಗಳ ಪಟ್ಟಿಯಲ್ಲೇ ಇಟ್ಟಿದೆ. ಔಷಧ ಕಂಪನಿಯೊಂದು ಇನ್ನೊಂದು ಕಾರ್ಖಾನೆಗೆ ಹಾಕಕೂಡದ ಷರತ್ತನ್ನು ಸಹಕಾರ ನಗರದ ಸಲೂನಿನ ಯಜಮಾನಿಗೆ ಹಾಕಬಹುದು. ಕಾರಣ ಇಷ್ಟೇ: ಆಕೆಯ ಸುಧಾರಣೆ ಪೇಟೆಂಟಿನಷ್ಟು ದೊಡ್ಡದಲ್ಲ. ದೊಡ್ಡವರ ಬುದ್ಧಿಗೆ ಕಾವಲು, ಸಣ್ಣವರ ಬುದ್ಧಿಗೆ ಬಯಲು.

ಮೂರನೆಯ ವಾದವನ್ನು ಕೋರ್ಟಿನ ಮೆಟ್ಟಿಲ ಮೇಲೆ ಹೇಳುತ್ತಾರೆ: ಓದಿ ಸಹಿ ಹಾಕಿದ್ದೀರಿ, ಈಗ ಅಳಬೇಡಿ. ಅವರ ಬತ್ತಳಿಕೆಯಲ್ಲಿ 1995ರ ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ತೀರ್ಪು ಇದೆ. ಫ್ರಾಂಚೈಸಿ ಕರಾರಿನ ನಿರ್ಬಂಧಗಳನ್ನು ಸುಪ್ರೀಂ ಕೋರ್ಟು ಅಲ್ಲಿ ಎತ್ತಿಹಿಡಿಯಿತು. ಆದರೆ ಅಲ್ಲಿ ಎತ್ತಿಹಿಡಿದದ್ದು ಕರಾರು ಜಾರಿಯಲ್ಲಿರುವಾಗ ಎದುರಾಳಿಯ ಸರಕು ತಯಾರಿಸಬೇಡ ಎಂಬ ನಿರ್ಬಂಧವನ್ನು. ಕರಾರು ಮುಗಿದ ಮೇಲೆ ಹೊಟ್ಟೆಪಾಡಿಗೆ ಅಡ್ಡ ಬರುವ ನಿರ್ಬಂಧದ ಮಾತು ಬೇರೆ. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಅದನ್ನು ಒಪ್ಪುವುದಿಲ್ಲವೆಂದು 1980ರ ಕೃಷನ್ ಮುರಗೈ ಪ್ರಕರಣದಿಂದ ಈಚೆಗೂ ಕೋರ್ಟುಗಳು ಹೇಳುತ್ತಿವೆ. ಬಲಾಢ್ಯನು ಮುದ್ರಿಸಿ ತಂದ ಫಾರಮ್ಮಿಗೆ ಬಡವ ಹಾಕಿದ ಸಹಿಯೇ ಅಂತಿಮವಲ್ಲ ಎಂದು 1986ರ ಬ್ರಜೋನಾಥ್ ಗಂಗೂಲಿ ತೀರ್ಪು ಹೇಳಿತು. ಇಬ್ಬರೂ ವ್ಯಾಪಾರಿಗಳಾಗಿದ್ದರೆ ಈ ತತ್ವ ಅನ್ವಯವಾಗದಿರಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಕಂಪನಿಗಳು ನೇತುಬೀಳುವುದು ಆ ಎಳೆಗೇ. ಮುಂಬೈಯ ಕಂಪನಿಯೂ ಕೊಡಿಗೇಹಳ್ಳಿಯ ಟೀ ಅಂಗಡಿಯೂ ಸಮಾನ ವ್ಯಾಪಾರಿಗಳು ಎಂದು ನಂಬುವವರು ಆ ಫಾರಮ್ಮಿನ ಒಂದೇ ಒಂದು ಸಾಲನ್ನು ತಿದ್ದಿಸಿಕೊಂಡು ಬಂದು ತೋರಿಸಲಿ. ಅನ್ಯಾಯದ ಷರತ್ತುಗಳ ವಿರುದ್ಧ ಪ್ರತ್ಯೇಕ ಕಾನೂನು ಬೇಕೆಂದು ಕೇಂದ್ರ ಕಾನೂನು ಆಯೋಗ ತನ್ನ 199ನೇ ವರದಿಯಲ್ಲಿ 2006ರಲ್ಲೇ ಹೇಳಿತ್ತು. ಆ ಕಾನೂನು ಬರಲೇ ಇಲ್ಲ.

ಸಹಿ ಹಾಕಿದರೂ ಕೆಲವು ಹಕ್ಕು ಹೋಗಕೂಡದು ಎಂಬ ನ್ಯಾಯ ನಮಗೆ ಹೊಸದಲ್ಲ. ಕಾಸರಗೋಡಿನ ಆಚೆ ಮಲಬಾರಿನಲ್ಲಿ ಗೇಣಿದಾರ ತೆಂಗು ನೆಟ್ಟರೆ, ಬಾವಿ ತೋಡಿದರೆ, ಒಕ್ಕಲೆಬ್ಬಿಸುವಾಗ ಧಣಿ ಅದಕ್ಕೆ ಬೆಲೆ ಕಟ್ಟಿ ಕೊಡಬೇಕೆಂದು ಬ್ರಿಟಿಷ್ ಸರ್ಕಾರವೇ 1887ರಲ್ಲಿ, ಮತ್ತೆ 1900ರಲ್ಲಿ ಕಾಯ್ದೆ ಮಾಡಿತು. ಕರಾರಿನಲ್ಲಿ ಬೇಡವೆಂದು ಬರೆಸಿಕೊಂಡರೂ ಆ ಹಕ್ಕು ಹೋಗದು ಎಂದಿತು. 2012ರ ಕಾಪಿರೈಟ್ ತಿದ್ದುಪಡಿಯ ನಂತರ ಸಿನಿಮಾ ಹಾಡಿನ ಕವಿ ಮತ್ತು ಸಂಗೀತಗಾರ, ಚಿತ್ರಮಂದಿರದ ಹೊರಗಿನ ಬಳಕೆಯಲ್ಲಿ ತಮ್ಮ ರಾಯಲ್ಟಿ ಪಾಲನ್ನು ನಿರ್ಮಾಪಕನಿಗೆ ಬರೆದುಕೊಟ್ಟರೂ ಅದು ಸಲ್ಲುವುದಿಲ್ಲ. ಕೊಡಿಗೇಹಳ್ಳಿಯ ಕೂಗಳತೆಯಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಇದೆ. ಅಲ್ಲಿನ ಯಾವ ವಿಜ್ಞಾನಿಯನ್ನು ಕೇಳಿದರೂ 2001ರ ಸಸ್ಯತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಬಗ್ಗೆ ಹೇಳುತ್ತಾರೆ. ಹೊಸ ತಳಿ ಬೆಳೆಸಿದ ರೈತನಿಗೆ ಅದನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿಕೊಳ್ಳುವ ಹಕ್ಕಿದೆ. ಕಂಪನಿಯ ರಕ್ಷಿತ ತಳಿಯ ಬೀಜವನ್ನೂ ಅವನು ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು; ಬ್ರ್ಯಾಂಡ್ ಹಚ್ಚಿ ಮಾತ್ರ ಮಾರಕೂಡದು. ಹೆಸರು ಕಂಪನಿಗೆ, ಕೈಯ ಫಲ ರೈತನಿಗೆ. ಹೊಲದಲ್ಲಿ ಎಳೆದ ಈ ಗೆರೆಯನ್ನು ಹೊಲ ಲೇಔಟಾದ ಮೇಲೆ ಎದ್ದ ಅಂಗಡಿಯಲ್ಲಿ ಎಳೆಯಲು ಏನು ಅಡ್ಡಿ?

ಕೊನೆಗೊಂದು ದೊಡ್ಡ ವಾದ ಉಳಿಯುತ್ತದೆ: ಒಬ್ಬರ ಒಡೆತನ ಇಲ್ಲದಿದ್ದರೆ ವ್ಯಾಪಾರ ಬೆಳೆಯದು. ಇದನ್ನು ಬೆಂಗಳೂರಿನಲ್ಲಿ ನಿಂತು ಹೇಳುವವರಿಗೆ ಈ ಊರಿನ ತಿಂಡಿಯ ಚರಿತ್ರೆ ಗೊತ್ತಿಲ್ಲ. 1898ರಲ್ಲಿ ಚಿಕ್ಕಪೇಟೆಯಲ್ಲಿ ಎಚ್.ಎಸ್. ತಿರುಮಲಾಚಾರ್ ಮತ್ತು ಸಹೋದರರು ಬಿ.ಬಿ. ಬೇಕರಿ ತೆರೆದರು. ಆ ಬಗೆಯ ಖಾರ ಬನ್ನು, ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತು ಹಾಸನದ ಕಡೆಯಿಂದ ಬಂದ ಕುಟುಂಬಗಳ ಕೈಯಲ್ಲಿ ಬೆಳೆದು ಅಯ್ಯಂಗಾರ್ ಬೇಕರಿಗಳಾಗಿ ಬೀದಿಬೀದಿಗೆ ಹರಡಿದವು. ಯಾರೂ ಯಾರಿಗೂ ರಾಯಲ್ಟಿ ಕಟ್ಟಲಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಕೆಫೆ ದರ್ಶಿನಿ ಆರಂಭಿಸಿದರು: ನಿಂತು ತಿನ್ನುವ ಎತ್ತರದ ಮೇಜು, ಕಣ್ಣೆದುರೇ ಅಡುಗೆ, ಮೊದಲೇ ಕೂಪನ್ನು. ಆ ಕಲ್ಪನೆಗೆ ಬೇಲಿ ಇರಲಿಲ್ಲ. ಅದನ್ನು ನೂರಾರು ಜನ ಎತ್ತಿಕೊಂಡರು, ತಮ್ಮ ತಮ್ಮ ಬಡಾವಣೆಗೆ ತಕ್ಕಂತೆ ತಿದ್ದಿಕೊಂಡರು, ಅಗ್ಗದ ಬಿಸಿ ತಿಂಡಿ ನಗರದ ಮೂಲೆ ಮೂಲೆಗೂ ತಲುಪಿತು. ಉಡುಪಿ ಹೋಟೆಲುಗಳು ದೇಶ ದಾಟಿದ್ದೂ ಹೀಗೆಯೇ. ಅಲ್ಲಿ ಕಲಿತ ಮಾಣಿ ಮುಂದೆ ಯಜಮಾನನಾದ, ಕಲಿತದ್ದನ್ನು ಕೊಂಡೊಯ್ದ, ಇನ್ನಷ್ಟು ಸೇರಿಸಿದ. ಕಲಿತದ್ದನ್ನು ಗಲ್ಲಾದಲ್ಲೇ ಬಿಟ್ಟು ಹೋಗು ಎನ್ನುವ ಅಗ್ರಿಮೆಂಟು ಅಂದು ಇದ್ದಿದ್ದರೆ ನಮ್ಮ ಊರಿಗೆ ಇಷ್ಟು ಹೋಟೆಲುಗಳು ದಕ್ಕುತ್ತಿರಲಿಲ್ಲ.

ಫ್ರಾಂಚೈಸಿಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಒಂದು ಹೆಸರಿನ ಭರವಸೆಗೆ ಬೆಲೆ ಇದೆ. ಅದನ್ನು ಕಟ್ಟಿದವರಿಗೆ ರಾಯಲ್ಟಿ ಸಲ್ಲಲಿ. ಬೋರ್ಡು, ಲೋಗೋ, ಕೈಪಿಡಿ, ಮೂಲ ಪಾಕ ಎಲ್ಲ ಅವರವೇ. ಕರಾರು ಮುಗಿದ ದಿನ ಅವೆಲ್ಲ ಮರಳಲಿ. ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ವ್ಯಾಪಾರಿ ಗುಟ್ಟುಗಳ ಬಗ್ಗೆಯೂ ಇಲ್ಲ. 2024ರ ಮಾರ್ಚಿನಲ್ಲಿ ಕಾನೂನು ಆಯೋಗದ 289ನೇ ವರದಿ ವ್ಯಾಪಾರಿ ಗುಟ್ಟುಗಳ ರಕ್ಷಣೆಗೆ ಕಾಯ್ದೆ ಬೇಕೆಂದಿದೆ. ಅದು ಬರುವುದಾದರೆ ಗುಟ್ಟು ಯಾರ ತಲೆಯಲ್ಲಿ ಹುಟ್ಟಿತು ಎಂಬ ಪ್ರಶ್ನೆಗೂ ಅದರಲ್ಲಿ ಉತ್ತರ ಇರಬೇಕು. ದೆಹಲಿಗಾಗಿಯೇ ಕಾಯಬೇಕಿಲ್ಲ. ಕರಾರು ಸಂವಿಧಾನದ ಸಮವರ್ತಿ ಪಟ್ಟಿಯ ವಿಷಯ. ಅನ್ಯಾಯದ ಷರತ್ತುಗಳ ವಿರುದ್ಧ ಶಾಸನ ತರುವ ಕೆಲಸವನ್ನು ವಿಧಾನಸೌಧವೂ ಶುರುಮಾಡಬಹುದು.

ಅಲ್ಲಿಯವರೆಗೆ ಕಾವಲು ನಿಮ್ಮದೇ. ಫ್ರಾಂಚೈಸಿ ತೆಗೆದುಕೊಳ್ಳಲು ಹೊರಟವರು ಬಾಡಿಗೆ ಚೌಕಾಸಿ ಮಾಡುವಷ್ಟೇ ಹಟದಿಂದ ಈ ಒಂದು ಷರತ್ತನ್ನು ಚೌಕಾಸಿ ಮಾಡಿ. ಅದನ್ನು ಹೊಡೆದುಹಾಕಿಸಿ, ಈ ನಾಲ್ಕು ಮಾತು ಬರೆಸಿ: ನನ್ನ ಸುಧಾರಣೆ ನನ್ನದು, ಕಂಪನಿಗೆ ಅದನ್ನು ಬಳಸುವ ಲೈಸೆನ್ಸ್ ಉಂಟು, ಬೇರೆ ಶಾಖೆಗಳಲ್ಲಿ ಅದನ್ನು ಬಳಸಿದರೆ ನನ್ನ ರಾಯಲ್ಟಿಯಲ್ಲಿ ಕಡಿತ ಉಂಟು, ಕರಾರು ಮುಗಿದ ದಿನ ನಿಮ್ಮ ಹೆಸರನ್ನು ಬಿಟ್ಟು, ನನ್ನ ಸುಧಾರಣೆಯನ್ನು ಕೊಂಡೊಯ್ಯುತ್ತೇನೆ. ನೀವು ಬರೆದ ಪಾಠ, ಕಾರ್ಡು, ಚಿತ್ರಗಳಿಗೆ ತಾರೀಖು ಹಾಕಿ ಇಟ್ಟುಕೊಳ್ಳಿ; ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕೃತಿಯನ್ನು ಗುರುತಿಸದೆ, ಪ್ರತಿಫಲ ನಮೂದಿಸದೆ ಸಾರಾಸಗಟಾಗಿ ಬರೆಸಿಕೊಂಡ ಹಸ್ತಾಂತರ ಕೋರ್ಟಿನಲ್ಲಿ ಸುಲಭವಾಗಿ ನಿಲ್ಲುವಂಥದ್ದಲ್ಲ. ಒಬ್ಬರೇ ಕೇಳಿದರೆ ಕಂಪನಿ ನಗುತ್ತದೆ. ಒಂದೇ ಬ್ರ್ಯಾಂಡಿನ ಹೆಬ್ಬಾಳ, ಯಲಹಂಕ, ಆರ್.ಟಿ. ನಗರ, ಯಶವಂತಪುರದ ಅಂಗಡಿಯವರು ಒಟ್ಟಾಗಿ ಕೇಳಿದರೆ ಕೂತು ಮಾತಾಡಲೇಬೇಕಾಗುತ್ತದೆ. ಅದಕ್ಕೂ ಒಪ್ಪದ ಕಂಪನಿಗೆ ಬೇಕಾದದ್ದು ವ್ಯಾಪಾರದ ಜೊತೆಗಾರರಲ್ಲ. ತಮ್ಮದೇ ಬಂಡವಾಳ ಹಾಕಿ ದುಡಿಯುವ ಜೀತದಾಳುಗಳು. 1976ರಲ್ಲೇ ಜೀತ ಪದ್ಧತಿಯನ್ನು ರದ್ದು ಮಾಡಿದ ದೇಶ ಇದು. ಅಂಥ ಕರಾರಿಗೆ ಸಹಿ ಹಾಕಬೇಡಿ.